ಖ್ಯಾತನಾಮರ ಮಾತು, ನಮ್ಮ ಪ್ರತಿಕ್ರಿಯೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಟರು, ಗಾಯಕರು, ಆಟಗಾರರು ರಾಜಕೀಯದ ವಿಷಯದಲ್ಲಿ ಬಾಯಿ ತೆರೆದಾಗ ಜನರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಕುರಿತು ಮಾತನಾಡಬೇಕೆಂದು ಸಂಘಟಕರು ಹೇಳಿದ್ದಾರೆ. ಈ ವಿಷಯದಲ್ಲಿ ಅಭಿಪ್ರಾಯ ಇಲ್ಲದವರು ಈ ಸಭಾಂಗಣದಲ್ಲಿ ಯಾರೂ ಇರಲಾರರು. ಅವರ ಮಾತು ನಮಗೆ ಹಿಡಿಸಿತೋ, ಅವರು ಧೈರ್ಯವಂತರು. ಹಿಡಿಸಲಿಲ್ಲವೋ, ‘ಇವರಿಗ್ಯಾಕೆ ಬೇಕಿತ್ತು ರಾಜಕೀಯ?’ ಎಂದು ಕೇಳುತ್ತೇವೆ. ಒಬ್ಬರು ಹೇಳಿದ ಮಾತಿಗೆ ಉತ್ತರ ಕೊಡುವುದು ಒಂದು ಕೆಲಸ. ಹೇಳಿದವರ ದುಡಿಮೆಯನ್ನೇ ಕಿತ್ತುಕೊಳ್ಳುವುದು ಇನ್ನೊಂದು. ಮೊದಲನೆಯದು ಕಷ್ಟ, ಎರಡನೆಯದು ಸುಲಭ. ಹಾಗಾಗಿ ಎಲ್ಲ ಕಡೆಯೂ ಎರಡನೆಯದೇ ನಡೆಯುತ್ತದೆ.

ನಮ್ಮ ಮಕ್ಕಳಿಗೆಲ್ಲ ಹೆಸರಾದರೂ ಗೊತ್ತಿರುವ ಒಬ್ಬರ ಕಥೆಯಿಂದಲೇ ಆರಂಭಿಸುತ್ತೇನೆ. ಅವರು ಬಾಕ್ಸರ್ ಮುಹಮ್ಮದ್ ಅಲಿ. 2016ರ ಜೂನ್ 3ರಂದು ಅವರು ತೀರಿಕೊಂಡಾಗ ಜಗತ್ತೇ ಕೊಂಡಾಡಿತು. ಅದಕ್ಕೆ ಮೊದಲು, 2005ರಲ್ಲಿ, ಅಮೆರಿಕದ ಅಧ್ಯಕ್ಷರೇ ಅವರ ಕೊರಳಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ತೊಡಿಸಿದ್ದರು. ಇದನ್ನು ನೋಡಿ ಅಲಿ ಯಾವಾಗಲೂ ಎಲ್ಲರ ಕಣ್ಮಣಿ ಆಗಿದ್ದರೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ಹಾಗಿರಲಿಲ್ಲ.

ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1942ರಲ್ಲಿ ಹುಟ್ಟಿದ ಕ್ಯಾಸಿಯಸ್ ಕ್ಲೇ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1964ರ ಫೆಬ್ರವರಿಯಲ್ಲಿ ಸೋನಿ ಲಿಸ್ಟನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಗೆದ್ದ ಬೆನ್ನಿಗೇ ತಾನು ನೇಷನ್ ಆಫ್ ಇಸ್ಲಾಂ ಎಂಬ ಕಪ್ಪುಜನರ ಸಂಘಟನೆಯ ಸದಸ್ಯನೆಂದು ಘೋಷಿಸಿ ಹೆಸರು ಬದಲಿಸಿಕೊಂಡರು. (ಆ ಸಂಘಟನೆಯ ಬೋಧನೆಗೂ ನಮಗೆ ತಿಳಿದಿರುವ ಇಸ್ಲಾಮಿಗೂ ಬಹಳ ಅಂತರವಿತ್ತು. 1975ರ ನಂತರ ಅಲಿ ಸುನ್ನಿ ಮುಸ್ಲಿಮರ ದಾರಿಗೆ ಬಂದರು.) ಅಮೆರಿಕದ ಹೆಚ್ಚಿನ ಪತ್ರಿಕೆಗಳು ಅನೇಕ ವರ್ಷಗಳ ಕಾಲ ಅವರನ್ನು ಹಳೆಯ ಹೆಸರಿನಿಂದಲೇ ಕರೆದವು. ಒಬ್ಬ ಮನುಷ್ಯ ತನಗೆ ತಾನೇ ಇಟ್ಟುಕೊಂಡ ಹೆಸರನ್ನು ಹೇಳಲು ಒಪ್ಪದಿರುವುದು ಕೂಡ ಒಂದು ಪ್ರತಿಕ್ರಿಯೆಯೇ. ಅದರಲ್ಲಿ ವಾದವಿಲ್ಲ, ಅಸಹನೆ ಮಾತ್ರ ಇದೆ.

ನಿಜವಾದ ಗುಡುಗು ಕೇಳಿಬಂದದ್ದು 1966ರಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಅವರು ಹೋಗಬೇಕಾದೀತೆಂದು ಗೊತ್ತಾದ ದಿನ ಪತ್ರಕರ್ತರು ಪ್ರಶ್ನೆಗಳ ಸುರಿಮಳೆ ಸುರಿಸಿದರು. ಆ ವಿಯೆಟ್ ಕಾಂಗ್ ಜನರೊಂದಿಗೆ ನನಗೆ ಜಗಳವೇನೂ ಇಲ್ಲ ಎಂಬರ್ಥದ ಮಾತು ಅಲಿಯ ಬಾಯಿಂದ ಬಂತು. ಷಿಕಾಗೋದಲ್ಲಿ ನಡೆಯಬೇಕಿದ್ದ ಪಂದ್ಯ ರದ್ದಾಯಿತು. ಬೇರೆ ನಗರಗಳೂ ಬಾಗಿಲು ಮುಚ್ಚಿದವು. ಕೊನೆಗೆ ಅವರು ಕೆನಡಾದ ಟೊರಾಂಟೊಗೆ ಹೋಗಿ ಬೇರೊಬ್ಬ ಎದುರಾಳಿಯ ಜೊತೆ ಆಡಬೇಕಾಯಿತು. 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಸೇನೆಗೆ ಸೇರಲು ನಿರಾಕರಿಸಿದರು. ನ್ಯೂಯಾರ್ಕಿನ ಕ್ರೀಡಾ ಆಯೋಗ ಅದೇ ದಿನ ಅವರ ಪರವಾನಗಿಯನ್ನು ಅಮಾನತು ಮಾಡಿತು, ಪದವಿಯ ಮನ್ನಣೆಯನ್ನೂ ಹಿಂತೆಗೆದುಕೊಂಡಿತು. ಆಗಿನ್ನೂ ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದಿರಲಿಲ್ಲ ಎಂಬುದನ್ನು ಗಮನಿಸಬೇಕು. ವಿಚಾರಣೆ ನಡೆದದ್ದು ಜೂನ್‌ನಲ್ಲಿ. ಜ್ಯೂರಿಗಳು ಒಳಗೆ ಹೋಗಿ ಇಪ್ಪತ್ತೊಂದು ನಿಮಿಷಗಳಲ್ಲಿ ಹೊರಬಂದರು. 5 ವರ್ಷ ಸೆರೆ, 10,000 ಡಾಲರ್ ದಂಡ. ಜಾಮೀನಿನ ಮೇಲೆ ಹೊರಗಿದ್ದರೂ ಪಾಸ್‌ಪೋರ್ಟ್ ಇಲ್ಲದ ಕಾರಣ ಹೊರದೇಶಕ್ಕೆ ಹೋಗಿ ಆಡುವ ದಾರಿಯೂ ಮುಚ್ಚಿತು. 25ನೇ ವಯಸ್ಸಿನಿಂದ 28ರವರೆಗೆ, ಬಾಕ್ಸರ್ ಒಬ್ಬನ ಮೈಯಲ್ಲಿ ಕಸುವು ತುಂಬಿರುವ ಮೂರೂವರೆ ವರ್ಷ, ಅವರಿಗೆ ರಿಂಗ್ ಇಲ್ಲದಾಯಿತು. ಕಾಲೇಜುಗಳಲ್ಲಿ ಭಾಷಣ ಮಾಡಿ ಹೊಟ್ಟೆ ಹೊರೆದರು.

ಇಲ್ಲಿ ಒಂದು ವಿಷಯವನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಪರವಾನಗಿಯ ವಿಚಾರ 1970ರಲ್ಲಿ ಫೆಡರಲ್ ನ್ಯಾಯಾಲಯಕ್ಕೆ ಬಂದಾಗ ಅಲಿಯ ವಕೀಲರು ಆಯೋಗದ ಹಳೆಯ ಕಡತಗಳನ್ನೇ ಮುಂದಿಟ್ಟರು. ಶಿಕ್ಷೆಗೊಳಗಾದವರಿಗೆ ಅದೇ ಆಯೋಗ ಪರವಾನಗಿ ಕೊಟ್ಟ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ಅದರಲ್ಲಿದ್ದವು. ಕೊಲೆ, ದರೋಡೆ, ಅತ್ಯಾಚಾರದ ಶಿಕ್ಷೆಗೊಳಗಾದವರು ಅದರಲ್ಲಿದ್ದರು. ಸೇನೆಯಿಂದ ಓಡಿಹೋದವರೂ ಇದ್ದರು! ಅವರಿಗೆಲ್ಲ ರಿಂಗಿನ ಬಾಗಿಲು ತೆರೆದಿತ್ತು. ಹಾಗಾದರೆ ಅಲಿಯನ್ನು ಹೊರಗಿಟ್ಟದ್ದು ಅಪರಾಧಕ್ಕಾಗಿ ಅಲ್ಲ ಎಂದಾಯಿತು. ಅವರು ಅಂದ ಮಾತಿಗಾಗಿ, ಅಂದವರು ಅಲಿ ಎಂಬುದಕ್ಕಾಗಿ. ನ್ಯಾಯಾಧೀಶರು ಪರವಾನಗಿ ಕೊಡಲು ಆದೇಶಿಸಿದರು.

ವಿರೋಧಿಸಿದವರೆಲ್ಲ ಬಿಳಿಯರಾಗಿರಲಿಲ್ಲ. ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ ಕೂಡ ಅಲಿಯ ನಿಲುವನ್ನು ಒಪ್ಪಲಿಲ್ಲ. ಈ ದೇಶದ ಜನರಿಂದ ಲಕ್ಷಾಂತರ ಡಾಲರ್ ಸಂಪಾದಿಸಿದವನು ಈಗ ದೇಶಕ್ಕೆ ಕೃತಜ್ಞತೆ ತೋರಲು ಸಿದ್ಧನಿಲ್ಲ, ಯುದ್ಧಭೂಮಿಯಲ್ಲಿರುವ ಕಪ್ಪು ಸೈನಿಕರ ಸ್ಥೈರ್ಯ ಕುಗ್ಗಿಸುತ್ತಿದ್ದಾನೆ ಎಂಬುದು ಅವರ ನೋವು. ಅವರ ಮಗನೇ ವಿಯೆಟ್ನಾಂನಲ್ಲಿ ಗಾಯಗೊಂಡಿದ್ದ. ಆ ತಂದೆಯ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನನ್ನಿಂದಾಗದು. ಮುಂದೆ 1972ರ ತನ್ನ ಆತ್ಮಕಥೆಯಲ್ಲಿ, ಎದ್ದು ನಿಂತು ರಾಷ್ಟ್ರಗೀತೆ ಹಾಡಲು ತನ್ನಿಂದ ಆಗದು ಎಂದು ಬರೆದವರೂ ಅದೇ ರಾಬಿನ್ಸನ್. ಇನ್ನು ತನ್ನವರೆಂದು ಅಲಿ ನಂಬಿದ್ದ ಸಂಘಟನೆ? ಹಣಕ್ಕಾಗಿ ಮತ್ತೆ ರಿಂಗಿಗೆ ಇಳಿಯುತ್ತೇನೆ ಎಂದು ಅಲಿ ಟಿ.ವಿ.ಯಲ್ಲಿ ಹೇಳಿದ್ದಕ್ಕೆ 1969ರಲ್ಲಿ ಅದರ ನಾಯಕರು ಅವರನ್ನು ಒಂದು ವರ್ಷ ಹೊರಗಿಟ್ಟರು. ಒಂದು ಮಾತಿಗೆ ದೇಶ ಮುನಿಯಿತು, ಇನ್ನೊಂದು ಮಾತಿಗೆ ಸ್ವಂತ ಮನೆಯವರೇ ಮುನಿದರು.

ಜೊತೆಗೆ ನಿಂತವರಲ್ಲಿ ಹೊವರ್ಡ್ ಕೊಸೆಲ್ ಎಂಬ ಕ್ರೀಡಾ ವರದಿಗಾರರ ಹೆಸರನ್ನು ಹೇಳಬೇಕು. ಅವರು ಯಹೂದಿ, ಕಾನೂನು ಓದಿದವರು. ಅಲಿಯನ್ನು ಅಲಿ ಎಂದೇ ಕರೆದರು. ಅವರು ಎತ್ತಿದ ಪ್ರಶ್ನೆ ಬಹಳ ಸರಳವಾಗಿತ್ತು: ಶಿಕ್ಷೆಯೇ ಆಗದ ಮನುಷ್ಯನ ಪದವಿಯನ್ನೂ ದುಡಿಮೆಯನ್ನೂ ಕಸಿದುಕೊಳ್ಳುವ ಅಧಿಕಾರ ಯಾರು ಕೊಟ್ಟರು? ಅಲಿಯ ಯುದ್ಧವಿರೋಧ ಸರಿಯೋ ತಪ್ಪೋ ಎಂಬ ಚರ್ಚೆಗೆ ಕಾಯದೆ ಕೇಳಬಹುದಾದ ಪ್ರಶ್ನೆ ಇದು.

1971ರ ಜೂನ್ 28ರಂದು ಸುಪ್ರೀಂ ಕೋರ್ಟು 8-0 ಮತಗಳಿಂದ ಶಿಕ್ಷೆಯನ್ನು ರದ್ದುಪಡಿಸಿತು. ಅಲಿ ಹೇಳಿದ್ದೇ ಸತ್ಯ ಎಂದು ಅದು ತೀರ್ಪು ಕೊಟ್ಟಿತೆಂದು ಕೆಲವರು ಬರೆಯುತ್ತಾರೆ. ಹಾಗಲ್ಲ. ವಿನಾಯಿತಿಯ ಅರ್ಜಿಯನ್ನು ತಿರಸ್ಕರಿಸಿದ ಮಂಡಳಿ ಯಾವ ಕಾರಣಕ್ಕೆಂದು ಹೇಳಿರಲಿಲ್ಲ. ಅದಕ್ಕೆ ಸಲಹೆಯಾಗಿ ಬಂದಿದ್ದ ಮೂರು ಆಕ್ಷೇಪಗಳಲ್ಲಿ ಎರಡನ್ನು ಸರಕಾರವೇ ಕೈಬಿಟ್ಟಿತ್ತು. ಯಾವುದರ ಮೇಲೆ ತಿರಸ್ಕಾರ ನಿಂತಿದೆ ಎಂದೇ ಗೊತ್ತಿಲ್ಲದಿದ್ದರೆ ಶಿಕ್ಷೆ ಊರ್ಜಿತವಾಗದು ಎಂಬಷ್ಟಕ್ಕೆ ಕೋರ್ಟು ನಿಂತಿತು. ಬಿಡುಗಡೆ ಸಿಕ್ಕಿತು, ಆದರೆ ಕಳೆದ ವರ್ಷಗಳು ಮರಳಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ‘ನಮ್ಮ ದುಡ್ಡಿನಲ್ಲಿ ಬೆಳೆದವನು’ ಎಂದು ರಾಬಿನ್ಸನ್ ಆಡಿದ ಧಾಟಿಯ ಮಾತನ್ನೇ ನಾವು ಪ್ರತೀ ವಿವಾದದಲ್ಲೂ ಕೇಳುತ್ತೇವೆ. ಟಿಕೆಟು ಕೊಂಡು ಬೆಳೆಸಿದವರು ನಾವು, ಹಾಗಾಗಿ ನಮಗೆ ಬೇಡದ್ದನ್ನು ಆತ ಆಡಕೂಡದು ಎಂಬ ಲೆಕ್ಕ. ನನಗೆ ಈ ಲೆಕ್ಕ ಅರ್ಥವಾಗುವುದಿಲ್ಲ. ಟಿಕೆಟಿಗೆ ಸಿನಿಮಾ ತೋರಿಸಿದ ಮೇಲೆ ಆ ಬಾಕಿ ಅಲ್ಲಿಗೆ ಚುಕ್ತಾ. ನಾಳೆ ಆತನ ಸಿನಿಮಾಕ್ಕೆ ನೀವು ಹೋಗದಿರಬಹುದು, ಅದು ನಿಮ್ಮ ಹಕ್ಕು. ಪಕ್ಕದ ಮನೆಯವನೂ ಹೋಗದಂತೆ ಚಿತ್ರಮಂದಿರದ ಬಾಗಿಲಿಗೆ ಅಡ್ಡ ನಿಂತರೆ ಅದು ಹಕ್ಕಲ್ಲ.

2025ರ ಮೇ ತಿಂಗಳಲ್ಲಿ ಕಮಲ್ ಹಾಸನ್ ಚೆನ್ನೈಯ ಸಮಾರಂಭವೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದೆಂದು ಹೇಳಿದರು. ಆ ಮಾತು ತಪ್ಪು. ಎರಡೂ ಒಂದು ಹಳೆಯ ದ್ರಾವಿಡ ಮೂಲದಿಂದ ಕವಲೊಡೆದ ಭಾಷೆಗಳೆಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಅರ್ಧ ಗಂಟೆಯಲ್ಲಿ ಇದನ್ನು ವಿವರಿಸಬಲ್ಲರು. ಆದರೆ ವಿವರಿಸುವ ಕೆಲಸಕ್ಕಿಂತ ಕ್ಷಮೆ ಕೇಳಿಸುವ ಕೆಲಸಕ್ಕೇ ಹೆಚ್ಚು ಕೈಗಳು ಸೇರಿದವು. ಕ್ಷಮೆ ಕೇಳದಿದ್ದರೆ ‘ಥಗ್ ಲೈಫ್’ ಬಿಡುಗಡೆ ಇಲ್ಲ ಎಂದಾಯಿತು. ಜೂನ್ 5ರಂದು ಬೇರೆಡೆ ತೆರೆಕಂಡ ಚಿತ್ರ ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ. ಜೂನ್ 17ರಂದು ಸುಪ್ರೀಂ ಕೋರ್ಟು, ಪ್ರಮಾಣಪತ್ರ ಪಡೆದ ಚಿತ್ರವನ್ನು ಗುಂಪುಗಳ ಬೆದರಿಕೆಗೆ ತಡೆಯುವಂತಿಲ್ಲ, ಹೇಳಿಕೆ ತಪ್ಪೆನಿಸಿದರೆ ಇನ್ನೊಂದು ಹೇಳಿಕೆಯಿಂದ ಉತ್ತರ ಕೊಡಲಿ ಎಂಬ ಧಾಟಿಯಲ್ಲಿ ಹೇಳಿತು. ಕನ್ನಡದ ಅಭಿಮಾನಿಯಾಗಿಯೇ ನಾನು ಕೇಳುತ್ತೇನೆ: ಒತ್ತಾಯಕ್ಕೆ ಮಣಿದು ಒಬ್ಬ ನಟ ಕ್ಷಮೆ ಕೇಳಿದ್ದರೆ ಕನ್ನಡದ ಪ್ರಾಚೀನತೆಗೆ ಒಂದು ವರ್ಷವಾದರೂ ಕೂಡುತ್ತಿತ್ತೇ?

ಇದುವರೆಗೆ ನೀವು ತಲೆದೂಗುತ್ತಾ ಕೇಳಿದ್ದೀರಿ. ಈಗ ಹೇಳುವುದಕ್ಕೆ ಕೆಲವರು ಹುಬ್ಬು ಗಂಟಿಕ್ಕಬಹುದು. ಅಲಿ ನಮಗೆ ಪ್ರಿಯರು, ಅವರ ಮಾತಿನ ಹಕ್ಕನ್ನು ಎತ್ತಿಹಿಡಿಯುವುದು ನಮಗೆ ಕಷ್ಟವಲ್ಲ. ನಮ್ಮ ಮನಸ್ಸಿಗೆ ನೋವಾಗುವಂತೆ ಒಬ್ಬರು ಮಾತಾಡಿದಾಗ ನಾವೇನು ಮಾಡಿದೆವು?

2017ರ ಏಪ್ರಿಲ್ 17ರಂದು ಗಾಯಕ ಸೋನು ನಿಗಮ್ ಟ್ವಿಟರಿನಲ್ಲಿ, ತಾನು ಮುಸ್ಲಿಮನಲ್ಲ, ಆದರೂ ಬೆಳಗ್ಗೆ ಆಝಾನಿಗೆ ಏಳಬೇಕಾಗಿದೆ, ಈ ಬಲವಂತದ ಧಾರ್ಮಿಕತೆ ಎಂದು ಮುಗಿಯುತ್ತದೆ ಎಂದು ಬರೆದರು. ಗೂಂಡಾಗಿರಿ ಎಂಬ ಪದವನ್ನೂ ಬಳಸಿದರು. ಒರಟು ಮಾತು, ನೋವಾದದ್ದು ಸಹಜ. ಆದರೆ ಮಂದಿರ, ಗುರುದ್ವಾರಗಳ ಧ್ವನಿವರ್ಧಕವನ್ನೂ ಅವರು ಅದೇ ಸಾಲಿನಲ್ಲಿ ಆಕ್ಷೇಪಿಸಿದ್ದರು. ಅದನ್ನು ಓದುವ ವ್ಯವಧಾನ ಹೆಚ್ಚಿನವರಿಗೆ ಇರಲಿಲ್ಲ. ಕೊಲ್ಕತ್ತಾದಲ್ಲಿ ಮೌಲವಿಯೊಬ್ಬರು, ಇವರ ತಲೆ ಬೋಳಿಸಿ ಚಪ್ಪಲಿ ಹಾರ ಹಾಕಿ ಮೆರವಣಿಗೆ ಮಾಡಿದವರಿಗೆ 10 ಲಕ್ಷ ರೂಪಾಯಿ ಎಂದು ಘೋಷಿಸಿದರು. ಏಪ್ರಿಲ್ 19ರಂದು ಸೋನು ನಿಗಮ್ ಪತ್ರಕರ್ತರನ್ನು ಕರೆದು ತಾನೇ ತಲೆ ಬೋಳಿಸಿಕೊಂಡರು. ಬೋಳಿಸಿದ ಕೇಶ ವಿನ್ಯಾಸಕರು ಆಲಿಮ್ ಹಕೀಮ್, ಒಬ್ಬ ಮುಸ್ಲಿಮ್. ಎಲ್ಲ ಷರತ್ತು ಪೂರ್ತಿಯಾಗಿಲ್ಲ ಎಂದು ಮೌಲವಿಯವರು ಹಣ ಕೊಡಲಿಲ್ಲ. ದೇಶವೆಲ್ಲ ನಕ್ಕಿತು. ನಗೆಪಾಟಲಾದದ್ದು ಗಾಯಕರಲ್ಲ, ನಾವು. ಒಬ್ಬರ ಘೋಷಣೆಗೆ ಇಡೀ ಸಮುದಾಯ ಹೊಣೆಯಲ್ಲ, ನಿಜ. ಆದರೆ ಅದನ್ನು ಖಂಡಿಸುವ ನಮ್ಮ ದನಿ ಆ ಎರಡು ದಿನ ಸಾಕಷ್ಟು ಜೋರಾಗಿ ಕೇಳಲಿಲ್ಲ.

ಅವರಿಗೆ ಕೊಡಬಹುದಾಗಿದ್ದ ಉತ್ತರ ಏನು? ಆಝಾನ್ ಮತ್ತು ಧ್ವನಿವರ್ಧಕ ಎರಡೂ ಒಂದೇ ಅಲ್ಲ. ಆಝಾನಿಗೆ ಹದಿನಾಲ್ಕು ಶತಮಾನಗಳ ಇತಿಹಾಸವಿದೆ, ಧ್ವನಿವರ್ಧಕ ಮೊನ್ನೆ ಮೊನ್ನೆ ಬಂದದ್ದು. ಶಬ್ದಮಾಲಿನ್ಯ ನಿಯಮಗಳು 2000ದಿಂದಲೇ ಇವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. 2005ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿತ್ತು. ನಿಯಮ ಎಲ್ಲ ಧರ್ಮದವರಿಗೂ, ಮದುವೆಯ ಮನೆಗೂ, ಚುನಾವಣಾ ಸಭೆಗೂ ಅನ್ವಯ. ‘ನಾವು ಪಾಲಿಸುತ್ತೇವೆ, ಎಲ್ಲರಿಂದಲೂ ಪಾಲಿಸಿರಿ, ಆದರೆ ಗೂಂಡಾಗಿರಿ ಎಂಬ ಪದವನ್ನು ಹಿಂತೆಗೆದುಕೊಳ್ಳಿ’ ಎಂದು ಹೇಳಿದ್ದರೆ ಆ ಗಾಯಕರು ಏನು ಉತ್ತರ ಕೊಡುತ್ತಿದ್ದರು?

ಅದೇ ಗಾಯಕರು 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕನ್ನಡ ಹಾಡು ಕೇಳಿದ ಯುವಕನ ಮೇಲೆ ಸಿಟ್ಟಾಗಿ, ಪಹಲ್ಗಾಮ್‌ನ ಹತ್ಯಾಕಾಂಡಕ್ಕೆ ಅದನ್ನು ತಳುಕು ಹಾಕಿದರು. ಅವಿವೇಕದ ಮಾತು. ಕೇಸು ದಾಖಲಾಯಿತು, ಚಿತ್ರರಂಗ ಅಸಹಕಾರ ಘೋಷಿಸಿತು, ಅವರು ಕರ್ನಾಟಕದ ಕ್ಷಮೆ ಕೇಳಿದರು. ಆಗ ನನ್ನ ಪರಿಚಯದ ಕೆಲವು ಯುವಕರು, ಆಝಾನಿಗೆ ಅಂದದ್ದಕ್ಕೆ ತಕ್ಕ ಶಾಸ್ತಿಯಾಯಿತು ಎಂದು ಖುಷಿಪಟ್ಟರು. ಕನ್ನಡದ ಮೇಲಿನ ಪ್ರೀತಿ ಅದರಲ್ಲಿ ಎಷ್ಟಿತ್ತೋ, ಹಳೆಯ ಲೆಕ್ಕ ತೀರಿಸುವ ತವಕ ಎಷ್ಟಿತ್ತೋ, ಅವರೇ ಹೇಳಬೇಕು.

ನಮ್ಮವರೆನಿಸಿದ ಖ್ಯಾತನಾಮರು ಏಕೆ ಬಾಯಿ ಬಿಡುವುದಿಲ್ಲ ಎಂಬ ಆಕ್ಷೇಪವೂ ನಮ್ಮಲ್ಲಿದೆ. ಮಾತಾಡುವ ಹಕ್ಕಿನಂತೆ ಸುಮ್ಮನಿರುವ ಹಕ್ಕೂ ಅವರದ್ದೇ. 1980ರಲ್ಲಿ ಅಧ್ಯಕ್ಷ ಕಾರ್ಟರ್, ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರಕ್ಕೆ ಬೆಂಬಲ ಕೂಡಿಸಲು ಅಲಿಯನ್ನು ಆಫ್ರಿಕಾಕ್ಕೆ ಕಳುಹಿಸಿದರು. ಅಲಿ ಆಗ ಭಾರತದಲ್ಲಿದ್ದರು, ಇಲ್ಲಿಂದಲೇ ಹೊರಟರು. ಟಾಂಜಾನಿಯಾದ ಅಧ್ಯಕ್ಷ ನ್ಯೆರೆರೆ ಭೇಟಿಯನ್ನೇ ಕೊಡಲಿಲ್ಲ. ಆಫ್ರಿಕನ್ನರ 1976ರ ಬಹಿಷ್ಕಾರವನ್ನು ಅಮೆರಿಕ ಏಕೆ ಬೆಂಬಲಿಸಲಿಲ್ಲ ಎಂದು ಪತ್ರಕರ್ತರು ಕೇಳಿದಾಗ ಅಲಿಯ ಬಳಿ ಉತ್ತರವಿರಲಿಲ್ಲ. ಸ್ವಂತ ಮಾತಿಗೆ ಜೈಲಿಗೂ ಸಿದ್ಧರಿದ್ದ ಮನುಷ್ಯ, ಬೇರೆಯವರು ಕೊಟ್ಟ ಮಾತನ್ನು ಹೊತ್ತಾಗ ತಡವರಿಸಿದರು. ಆದ್ದರಿಂದ ಯಾವ ನಟನನ್ನೂ ಸಮುದಾಯದ ವಕೀಲನನ್ನಾಗಿ ನೇಮಿಸಬೇಡಿ. ನಮ್ಮ ಮಾತನ್ನು ಹೇಳಲು ನಮ್ಮಲ್ಲೇ ಓದಿದವರು ಬೇಕು, ಈ ಸಂಘ ಇರುವುದೇ ಅದಕ್ಕಾಗಿ.

ಧ್ವನಿವರ್ಧಕದ ಕಥೆಯ ಮುಂದಿನ ಭಾಗವನ್ನು ಹೇಳಿ ಮುಗಿಸುತ್ತೇನೆ. 2022ರಲ್ಲಿ ಕರ್ನಾಟಕದಲ್ಲೇ ಈ ವಿಷಯ ಭುಗಿಲೆದ್ದಿತು. ಮೇ ತಿಂಗಳಲ್ಲಿ ಸರಕಾರ ಪರವಾನಗಿ ಕಡ್ಡಾಯವೆಂದು ಆದೇಶಿಸಿತು. ರಾಜ್ಯದ ಉಲಮಾಗಳು ಸಭೆ ಸೇರಿ, ಬೆಳಗ್ಗೆ 6ಕ್ಕೆ ಮುಂಚೆ ಧ್ವನಿವರ್ಧಕ ಬೇಡವೆಂದು ತೀರ್ಮಾನಿಸಿದರು. ಐದು ವರ್ಷಗಳ ಹಿಂದೆ ಒಬ್ಬ ಗಾಯಕನಿಗೆ ನಾವಾಗಿ ಕೊಡಬಹುದಾಗಿದ್ದ ಉತ್ತರವನ್ನು ಒತ್ತಡದ ನಡುವೆ ಕೊಟ್ಟೆವು. ನಾನು ನೋಡಿದ ಮಸೀದಿಗಳಲ್ಲಿ ಫಜ್ರ್ ನಮಾಝಿನ ಸಾಲುಗಳೇನೂ ಅದರಿಂದ ಕಡಿಮೆಯಾಗಿಲ್ಲ.