ಬರೆದದ್ದರ ಅರ್ಥ ನಮಗೆ ಗೊತ್ತಿರಲಿ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಆಲಮಟ್ಟಿಯ ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಇಂದು ನನ್ನದೊಂದು ತಪ್ಪನ್ನು ತಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ.

ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿನ ಪ್ರೋಗ್ರಾಮನ್ನು ನಾವು ಗೆಳೆಯರೇ ರಾತ್ರಿಯೆಲ್ಲ ಕುಳಿತು ಬರೆದಿದ್ದೆವು. ಆದರೆ ಇಂಗ್ಲಿಷಿನಲ್ಲಿ ವರದಿ ಬರೆಯುವ ಅಂಜಿಕೆಯಿಂದ, ಹಿಂದಿನ ವರ್ಷದವರ ವರದಿಯಿಂದ ಪುಟಗಟ್ಟಲೆ ನಕಲು ಮಾಡಿದೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದರ ಅರ್ಥ ಹೇಳಪ್ಪಾ" ಅಂದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಬಳಿಕ ನಾವೇ ಮಾಡಿದ ಕೆಲಸವನ್ನೂ ಅವರು ನಂಬಲಿಲ್ಲ.

ನನ್ನಲ್ಲಿ ಕಡಿಮೆಯಿದ್ದದ್ದು ಇಂಗ್ಲಿಷ್ ಮಾತ್ರವಲ್ಲ, ಆಧಾರ ಕೊಟ್ಟು ಬರೆಯುವ ರೂಢಿ. ನಮ್ಮ ಆಣೆಕಟ್ಟನ್ನೇ ನೋಡಿ. "ಡ್ಯಾಮ್ ತುಂಬೇತಿ" ಎಂಬುದು ಕಟ್ಟೆಯ ಮೇಲಿನ ಮಾತು. "ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಇಂದಿನ ಮಟ್ಟ ಇಷ್ಟು. ಈ ಲೆಕ್ಕ ಇಂಥ ದಿನದ ಇಂಥ ಪ್ರಕಟಣೆಯದು" ಎಂದರೆ ಅದು ವರದಿ. ಓದುವವರು ಅದನ್ನು ತಾವೇ ಪರೀಕ್ಷಿಸಬಹುದು. ಏನು ಹೇಳುತ್ತಿದ್ದೇನೆ, ನನಗೆ ಹೇಗೆ ಗೊತ್ತು, ಯಾರಿಂದ ಪಡೆದೆ ಎಂಬ ಮೂರು ಪ್ರಶ್ನೆಗೆ ಪ್ರತಿ ಪುಟವೂ ಉತ್ತರ ಕೊಡಬೇಕು.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಸಂಶೋಧನ ಪ್ರಬಂಧದಲ್ಲಿ ನಕಲು ಶೇ. 10ನ್ನು ಮೀರಿದರೆ ಶಿಕ್ಷೆಯಿದೆ, ಶೇ. 60ನ್ನು ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಆದರೆ ಶಿಕ್ಷೆಯ ಭಯದಿಂದ ಬರವಣಿಗೆ ಬಾರದು, ಅಭ್ಯಾಸದಿಂದ ಬರುತ್ತದೆ.

ಕಾಲೇಜಿನಲ್ಲಿರುವ ತಮ್ಮ ತಂಗಿಯರೆ, ಮಾಡಿದ ಕೆಲಸವನ್ನು ಮೊದಲು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಬಳಿಕ ಸಣ್ಣ ಸಣ್ಣ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿರಿ. ಇನ್ನೊಬ್ಬರ ಮಾತು ಬಳಸಿದರೆ ಅವರ ಹೆಸರು ಹೇಳಿರಿ. ಗೆಳೆಯರಿಗೆ ಓದಲು ಕೊಟ್ಟು, ಅವರಿಗೆ ತಿಳಿಯದ ಸಾಲನ್ನು ತಿದ್ದಿರಿ. ನಮ್ಮ ಕಂಪನಿಗಳಲ್ಲಿ ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ತಿದ್ದುವುದು ದಿನನಿತ್ಯದ ಕೆಲಸ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಗುರುಗಳಲ್ಲಿ ನನ್ನ ವಿನಂತಿ: ಮಕ್ಕಳಿಂದ ವಾರಕ್ಕೊಮ್ಮೆ, ತಾವು ಕಂಡದ್ದರ ಬಗ್ಗೆ ಒಂದು ಪುಟ ಬರೆಸಿರಿ. ಊರಿನ ಯಾವ ವಿದ್ಯಾರ್ಥಿಯಾದರೂ ತನ್ನ ವರದಿಯನ್ನು ಕಾಲೇಜಿಗೆ ಕೊಡುವ ಮೊದಲು ನನಗೆ ಕಳಿಸಲಿ, ಓದಿ ಹೇಳುತ್ತೇನೆ. ಹಳೆಯ ವಿದ್ಯಾರ್ಥಿಗಳಾದ ತಾವೂ ಕೈಜೋಡಿಸಿರಿ. ನಮ್ಮ ಮಕ್ಕಳು ಪಟ್ಟ ಶ್ರಮ, ಬರೆಯಲು ಬಾರದ ಕಾರಣಕ್ಕೆ ವ್ಯರ್ಥವಾಗಬಾರದು.