ಮೊಡವೆಗೆ ಮೂರು ತಿಂಗಳು ಕೊಡಿ



ಮುಂಬಯಿಗೆ ಬಂದ ಮೇಲೆಯೇ ಮುಖದ ತುಂಬ ಮೊಡವೆ ಎಂದು ದೂರುವವರು ನಮ್ಮಲ್ಲಿ ಬಹಳ. ನೀರು, ಬೆವರು, ಲೋಕಲ್ ರೈಲಿನ ಧೂಳು ಎಲ್ಲವನ್ನೂ ಬೈದದ್ದಾಯಿತು. ಆದರೆ ಮೊಡವೆ ಹುಟ್ಟುವುದು ಚರ್ಮದೊಳಗೆ. ಜಿಡ್ಡು ಹೆಚ್ಚಿ, ಸತ್ತ ಜೀವಕೋಶಗಳು ಸೇರಿ ರಂಧ್ರ ಮುಚ್ಚಿಕೊಳ್ಳುತ್ತದೆ. ಒಳಗೆ ಬ್ಯಾಕ್ಟೀರಿಯ ಬೆಳೆದು ಊದಿಕೊಳ್ಳುತ್ತದೆ. ಸೋಪು ಹಾಕಿ ಉಜ್ಜಿದರೆ ಹೋಗುವಂಥದ್ದಲ್ಲ. ದಿನಕ್ಕೆ ಎರಡು ಸಲ ಮೆದುವಾಗಿ ತೊಳೆದರೆ ಸಾಕು.

ನನಗೆ ಭಯ ಮೊಡವೆಯದ್ದಲ್ಲ, ಔಷಧಿ ಅಂಗಡಿಯವರು ತಾವಾಗಿಯೇ ಕೊಡುವ ಟ್ಯೂಬಿನದ್ದು. ನಾಲ್ಕೇ ದಿನದಲ್ಲಿ ಮುಖ ನುಣ್ಣಗೆ, ಬೆಳ್ಳಗೆ! ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿ ನೋಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆನ್ನೆಯಲ್ಲಿ ಕೆಂಪು ಗೆರೆಗಳು ಏಳುತ್ತವೆ. ಬಿಟ್ಟರೆ ಉರಿ, ಮೊದಲಿಗಿಂತ ಹೆಚ್ಚು ಮೊಡವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಮಾಡಿತು. ಚೀಟಿ ಕೇಳುವ ಅಂಗಡಿ ನಿಮ್ಮ ಬೀದಿಯಲ್ಲಿದೆಯೇ, ನೀವೇ ಹೇಳಿ.

ಚರ್ಮವೈದ್ಯರು ಕೊಡುವ ಔಷಧಿ ನಿಧಾನ. ರಾತ್ರಿ ಹಚ್ಚುವ ಅಡಾಪಲೀನ್ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಮೊಡವೆ ಹೆಚ್ಚಿದಂತೆಯೂ ಕಾಣಬಹುದು. ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಬೆನ್‌ಝಾಯ್ಲ್ ಪೆರಾಕ್ಸೈಡ್ ಕೊಟ್ಟರೆ ಬಿಳಿ ಟವೆಲ್ಲನ್ನೇ ಬಳಸಿ, ಬಣ್ಣದ್ದಾದರೆ ಕಲೆಗಟ್ಟುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಲೋಟ ತುಂಬ ನೀರಿನೊಂದಿಗೆ ನುಂಗಿ. ತಕ್ಷಣ ಮಲಗಬೇಡಿ, ಅನ್ನನಾಳ ಸುಟ್ಟಂತಾಗುತ್ತದೆ.

ಗಂಟುಗಂಟಾಗಿ ಎದ್ದು ಗುಳಿ ಬೀಳಿಸುವ ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಮಾತ್ರೆಯಿದೆ. ಒಳ್ಳೆಯ ಔಷಧಿ, ಆದರೆ ಗೆಳತಿಯ ಸ್ಟ್ರಿಪ್ಪಿನಿಂದ ಎರವಲು ಪಡೆಯುವಂಥದ್ದಲ್ಲ. ಗರ್ಭದಲ್ಲಿರುವ ಮಗುವಿಗೆ ತೀವ್ರ ಅಂಗವೈಕಲ್ಯ ತರಬಲ್ಲದು. ಸೇವಿಸುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಕೂಡದು. ರಕ್ತಪರೀಕ್ಷೆಯೂ ಬೇಕಾಗುತ್ತದೆ.

ತಾಯಂದಿರಲ್ಲಿ ಒಂದು ಮಾತು. "ಮದುವೆಯಾದ್ರೆ ಎಲ್ಲ ಸರಿಹೋಗುತ್ತೆ ಬಿಡೇ" ಎನ್ನಬೇಡಿ. ಮಗಳ ಮುಟ್ಟಿನಲ್ಲಿ ಏರುಪೇರಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಚಿಕೆ ಬೇಡ.