ಬೀಜದ ಡಬ್ಬಿಗೆ ಒಣ ಉಪ್ಪು



ಹೋದ ಆಷಾಢದಲ್ಲಿ ನಾವು ಹೀರೇಬೀಜದ ಡಬ್ಬಿ ತೆಗೆದೆವು. ಬೀಜದ ಮೇಲೆಲ್ಲ ಬೂಷ್ಟು! ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಅತ್ತೆಯ ಕಾಲದಿಂದ ಉಳಿಸಿಕೊಂಡು ಬಂದ ತಳಿ ಹೋಗೇಬಿಟ್ಟಿತು. ಕಾಸು ಕೊಟ್ಟು ಪೇಟೆ ಬೀಜ ತಂದೆವು.

ಬೀಜವನ್ನು ಕೆಡಿಸುವುದು ತೇವ. ಬಿಸಿಲಲ್ಲಿ ಒಣಗಿಸಿದರೂ ಮಳೆಗಾಲದ ಗಾಳಿಯಿಂದ ಬೀಜ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅದನ್ನು ಹೀರೋ ವಸ್ತು ಡಬ್ಬಿಯೊಳಗೆ ಇರಬೇಕು.

ಅಡುಗೆ ಉಪ್ಪು ಇಟ್ಟರಾಯ್ತಲ್ಲ ಅಂತೀರಾ? ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಗಾಳಿಯಲ್ಲಿ ತೇವ ತುಂಬಾ ಹೆಚ್ಚಿದಾಗ ಮಾತ್ರ ಅದು ನೀರು ಎಳೆಯುತ್ತದೆ. ಬೀಜಕ್ಕೆ ಬೇಕಾದಷ್ಟು ಒಣಗಿಸಲಾರದು. ಮಳೆಗಾಲದಲ್ಲಿ ಉಪ್ಪಿನ ಮಡಕೆ ನೀರು ಬಿಡೋದು ನಿಮಗೆ ಗೊತ್ತೇ ಇದೆ. ಆ ನೀರು ಬೀಜಕ್ಕೇ ತಾಗುತ್ತದೆ.

ಇನ್ನೊಂದು ಉಪ್ಪಿದೆ. ಗೊಬ್ಬರದ ಅಂಗಡಿಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಅಂತ ಕೇಳಿ. ಎಪ್ಸಮ್ ಉಪ್ಪು ಅಂತಲೂ ಹೆಸರು. ಹರಳು ಹರಳಾಗಿ ಇರೋದನ್ನೇ ತನ್ನಿ. ಹರಳು ನೋಡಲು ಒಣಗಿದೆ. ಆದರೆ ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ! ಕಾಯಿಸಿ ಆ ನೀರನ್ನು ಓಡಿಸಿದರೆ, ಉಪ್ಪು ಅದನ್ನು ಗಾಳಿಯಿಂದ ಮತ್ತೆ ಎಳೆದುಕೊಳ್ಳುತ್ತದೆ.

ಅಡುಗೆಗೆ ಬಳಸದ ಹಳೇ ಬಾಣಲೆ ತೆಗೆದುಕೊಳ್ಳಿ. 100 ಗ್ರಾಂ ಹರಳು ಹಾಕಿ. ಉರಿ ಸಣ್ಣಗಿರಲಿ. ಮೊದಲು ಹರಳು ಕರಗಿ ಗಂಜಿಯಂತೆ ಆಗುತ್ತದೆ. ಆವಿ ಏಳುತ್ತದೆ, ಸಿಡಿಯುತ್ತದೆ. ಮುಖ ದೂರ ಇರಲಿ, ಮಕ್ಕಳು ಹತ್ತಿರ ಬಾರದಿರಲಿ. ಕಡೆಗೆ ಬಿಳೀ ಹೆಂಟೆಯಾಗುತ್ತದೆ. ಅದನ್ನು ಕುಟ್ಟಿ, ಉರಿ ಹೆಚ್ಚಿಸಿ ಮತ್ತೆ ಹುರಿಯಿರಿ. ನಾವು ಮೊದಲ ಸಲ ಇಲ್ಲೇ ಅವಸರ ಮಾಡಿ ಕೆಟ್ಟೆವು. 60 ಗ್ರಾಂಗಿಂತ ಕಡಿಮೆಗೆ ಇಳಿಯಬೇಕು. ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ, ಆರಲು ಬಿಡಿ. ತೆರೆದಿಟ್ಟರೆ ಗಾಳಿಯ ತೇವ ಹೀರಿ ದಂಡವಾಗುತ್ತದೆ.

ಆಮೇಲೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ. ಚೆನ್ನಾಗಿ ಒಣಗಿದ ಬೀಜದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಸಿ ಬೀಜಕ್ಕೆ ಗಂಟು ಸಾಲದು, ಬಿಸಿಲೇ ಬೇಕು. ಇದು ತಿನ್ನುವ ಉಪ್ಪಲ್ಲ, ಹೊಟ್ಟೆಗೆ ಹೋದರೆ ಭೇದಿಯಾಗುತ್ತದೆ. ಡಬ್ಬಿಯ ಮೇಲೆ ಹೆಸರು ಬರೆಯಿರಿ. ಈಗ ಬರೆಯಲು ಬರುತ್ತದಲ್ಲ!

ಸುಟ್ಟ ಸುಣ್ಣವೂ ತೇವ ಹೀರುತ್ತದೆ. ಆದರೆ ನೀರು ಬಿದ್ದರೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮಕ್ಕಳಿರುವ ಮನೆಗೆ ಅದು ಬೇಡ ಅಂತ ನಾವು ಬಿಟ್ಟೆವು.

ಗಂಟು ಇಡುವ ಮೊದಲು ತೂಕ ಬರೆದಿಡಿ. ತಿಂಗಳು ಕಳೆದು ಮತ್ತೆ ತೂಗಿ. ತುಂಬಾ ಭಾರವಾಗಿದ್ದರೆ ಪುಡಿಯನ್ನು ಮತ್ತೆ ಬಾಣಲೆಗೆ ಹಾಕಿ ಹುರಿಯಿರಿ. ಹೊಸದು ಕೊಳ್ಳಬೇಕಿಲ್ಲ.